ಕೈ ಮೇಲೇಳ್ತಿಲ್ಲ, ಭುಜ ಹಿಡ್ಕೊಂಡಿದೆ: ಅವಬಾಹುಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆಯುರ್ವೇದ ವೈದ್ಯ. ಭುಜ ಹಿಡಿದು ಕೈ ಏಳದಂತಾಗುವುದಕ್ಕೆ ಆಯುರ್ವೇದದಲ್ಲಿ ಅವಬಾಹುಕ ಅನ್ನುತ್ತಾರೆ, ಎಲ್ಲರೂ ಹೇಳುವ ಫ್ರೋಜನ್ ಶೋಲ್ಡರ್ ಅದರ ಒಂದು ರೂಪ. ಭುಜ ಹಿಡಿದುಕೊಂಡವರು ಬಂದು ಕೂತ ತಕ್ಷಣ ಕೇಳುವ ಮೊದಲ ಪ್ರಶ್ನೆ, "ಯಾವ ಎಣ್ಣೆ ಹಚ್ಚಲಿ ಡಾಕ್ಟ್ರೇ?" ಆ ಪ್ರಶ್ನೆಗೆ ಇಲ್ಲೂ ಉತ್ತರವಿದೆ, ಆದರೆ ಸ್ವಲ್ಪ ಕೆಳಗಿದೆ. ಎಣ್ಣೆಗಿಂತ ಮೊದಲು ಭುಜ ಯಾವ ಹಂತದಲ್ಲಿದೆ ಅಂತ ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಹಚ್ಚಿದ ಒಳ್ಳೆಯ ಎಣ್ಣೆಯೂ ಕೆಲವು ಸಲ ನೋವನ್ನು ಜಾಸ್ತಿ ಮಾಡುತ್ತದೆ. ನನ್ನ ಬಲ ಭುಜದ ಮೇಲೆಯೇ ಇದನ್ನು ಕಲಿತಿದ್ದೇನೆ.

ಫ್ರೋಜನ್ ಶೋಲ್ಡರ್ ಅಂದರೆ ನಿಜವಾಗಿ ಏನು?

ಭುಜದ ಕೀಲನ್ನು ಸುತ್ತಿಕೊಂಡಿರುವ ಚೀಲ ಊದಿ, ದಪ್ಪಗಾಗಿ, ಆಮೇಲೆ ಕುಗ್ಗುವುದು. ಮೊದಲು ನೋವು ಬರುತ್ತದೆ, ಅದರ ಹಿಂದೆಯೇ ಬಿಗಿತ ಬರುತ್ತದೆ. ತಲೆ ಬಾಚಲು, ರವಿಕೆಯ ಹಿಂದಿನ ಹುಕ್ ಹಾಕಲು, ಹಿಂದಿನ ಜೇಬಿನಿಂದ ಪರ್ಸ್ ತೆಗೆಯಲು, ಬಸ್ಸಿನ ಕಂಬಿ ಹಿಡಿಯಲು ಆಗುವುದಿಲ್ಲ.

"ಫ್ರೋಜನ್ ಶೋಲ್ಡರ್" ಎಂಬ ಹೆಸರು ಕೊಟ್ಟವರು ಅಮೆರಿಕದ ಸರ್ಜನ್ ಅರ್ನೆಸ್ಟ್ ಕಾಡ್‌ಮನ್, 1934ರಲ್ಲಿ. ಇದನ್ನು ವಿವರಿಸುವುದೂ ಕಷ್ಟ, ವಾಸಿ ಮಾಡುವುದೂ ಕಷ್ಟ ಅಂತ ಅವರೇ ಒಪ್ಪಿಕೊಂಡಿದ್ದರು. 1945ರಲ್ಲಿ ನೆವಿಯಾಸರ್ ಎಂಬ ಇನ್ನೊಬ್ಬ ವೈದ್ಯರು ಇದಕ್ಕೆ "ಅಡೆಸಿವ್ ಕ್ಯಾಪ್ಸುಲೈಟಿಸ್" ಅಂದರು. ಅಂದರೆ ಚೀಲ ಅಂಟಿಕೊಂಡಿದೆ ಅಂತ. ಜಪಾನಿನವರು ಸುಮ್ನೆ "ಗೊಜೂಕತಾ" ಅನ್ನುತ್ತಾರೆ. ಐವತ್ತು ವರ್ಷದ ಭುಜ ಅಂತ ಅರ್ಥ. ನನಗೆ ಈ ಹೆಸರೇ ಹೆಚ್ಚು ಇಷ್ಟ. 40ರಿಂದ 60 ವರ್ಷದ ನಡುವಿನವರಿಗೇ ಇದು ಜಾಸ್ತಿ ಬರುವುದು, ಅದರಲ್ಲೂ ಹೆಂಗಸರಿಗೆ.

ಭುಜದ ಕೀಲು ಒಳಗೆ ಹೇಗಿದೆ?

ಶಾಲೆಯಲ್ಲಿ ನಿಂಬೆಹಣ್ಣು–ಚಮಚದ ಓಟ ಓಡಿದ್ದೀರಲ್ವಾ? ಭುಜ ಹೆಚ್ಚುಕಡಿಮೆ ಹಾಗೇ ಇದೆ. ತೋಳಿನ ಮೂಳೆಯ ಮೇಲ್ತುದಿ ಒಂದು ಗುಂಡು. ಹೆಗಲ ಹಿಂದಿನ ಚಪ್ಪಟೆ ಮೂಳೆಯ ಅಂಚಿನಲ್ಲಿ ಒಂದು ಸಣ್ಣ ತಗ್ಗು. ಗುಂಡು ದೊಡ್ಡದು, ತಗ್ಗು ಚಿಕ್ಕದು, ಆಳವೂ ಇಲ್ಲ. ಯಾವುದೇ ಹೊತ್ತಿನಲ್ಲಿ ಗುಂಡಿನ ಮೂರನೇ ಒಂದು ಭಾಗವೂ ತಗ್ಗಿನೊಳಗೆ ಇರುವುದಿಲ್ಲ. ಅದಕ್ಕೇ ಕೈ ಇಷ್ಟೊಂದು ದಿಕ್ಕಿಗೆ ತಿರುಗುತ್ತದೆ, ಅದಕ್ಕೇ ಭುಜ ಬೇಗ ಜಾರುತ್ತದೆ ಕೂಡ.

ನಿಂಬೆಹಣ್ಣು ಬೀಳದ ಹಾಗೆ ಹಿಡಿದಿಡುವುದು ಏನು? ತಗ್ಗಿನ ಸುತ್ತ ಮೆತ್ತನೆಯ ಒಂದು ಅಂಚು ಇದೆ, ತಟ್ಟೆಗೆ ಕಟ್ಟೆ ಕಟ್ಟಿದ ಹಾಗೆ. ಅದರ ಮೇಲೆ ನಾಲ್ಕು ಮಾಂಸಖಂಡಗಳ ನಾರುಗಳು ಗುಂಡನ್ನು ಮುಂದೆ, ಮೇಲೆ, ಹಿಂದೆ ತಬ್ಬಿಕೊಂಡಿವೆ. ಇದಕ್ಕೇ ರೊಟೇಟರ್ ಕಫ್ ಅನ್ನುವುದು. ಎಲ್ಲದರ ಒಳಗೆ, ಕೀಲಿಗೆ ಅಂಟಿಕೊಂಡಂತೆ, ಚೀಲ. ಚೀಲದ ಒಳಪದರ ಕೀಲೆಣ್ಣೆಯಂಥ ರಸವನ್ನು ಸುರಿಸುತ್ತದೆ.

ಈ ಚೀಲ ಕಂಕುಳಿನ ಕಡೆ ಸಡಿಲವಾಗಿ ಜೋತುಬಿದ್ದಿರುತ್ತದೆ, ಸೀರೆಯ ನೆರಿಗೆ ಇದ್ದ ಹಾಗೆ. ಕೈ ಮೇಲೆತ್ತಿದಾಗ ನೆರಿಗೆ ಬಿಚ್ಚಿಕೊಳ್ಳುತ್ತದೆ, ಇಳಿಸಿದಾಗ ಮಡಚಿಕೊಳ್ಳುತ್ತದೆ. ಹಿಡಿದ ಭುಜದಲ್ಲಿ ಬಿಚ್ಚಿಕೊಳ್ಳಲು ನೆರಿಗೆಯೇ ಉಳಿದಿರುವುದಿಲ್ಲ. ಚೆನ್ನಾಗಿರುವ ಭುಜದ ಚೀಲ 15 ಮಿಲಿಲೀಟರಿಗಿಂತ ಹೆಚ್ಚು ದ್ರವ ಹಿಡಿಯುತ್ತದೆ. ಹಿಡಿದುಕೊಂಡ ಭುಜದಲ್ಲಿ 10 ಮಿಲಿಲೀಟರ್ ಹಿಡಿಯುವುದೂ ಕಷ್ಟ.

ಇನ್ನೊಂದು ವಿಷಯ. ಕೈ ಪೂರ್ತಿ ಮೇಲೆತ್ತುವುದು ಆ ಒಂದೇ ಕೀಲಿನ ಕೆಲಸವಲ್ಲ. 180 ಡಿಗ್ರಿಯಲ್ಲಿ ಸುಮಾರು 120 ಗುಂಡು–ತಗ್ಗಿನ ಕೀಲಿನದು, ಉಳಿದ 60 ಹೆಗಲ ಹಲಗೆ ಬೆನ್ನಿನ ಮೇಲೆ ಜಾರುವುದರಿಂದ ಬರುತ್ತದೆ. ಕೀಲು ಬಿಗಿದಾಗ ಹಲಗೆ ಒಂದೇ ಎಲ್ಲಾ ಕೆಲಸಕ್ಕೆ ನಿಲ್ಲುತ್ತದೆ. ಕೈ ಎತ್ತಿ ಅಂದರೆ ಹೆಗಲೇ ಕಿವಿಯ ಕಡೆಗೆ ಏರುವುದು ಇದರಿಂದ. ಕತ್ತು, ಬೆನ್ನಿನ ಮೇಲ್ಭಾಗ ನೋಯುವುದೂ ಇದರಿಂದಲೇ.

ಆಯುರ್ವೇದದ ಹಳೆಯ ಗ್ರಂಥಗಳಾದ ಸಂಹಿತೆಗಳಲ್ಲಿ ಭುಜದ ರಚನೆ ಬಗ್ಗೆ ಏನಾದರೂ ಇದೆಯಾ?

ಬೇಕಾದಷ್ಟಿದೆ. ಸುಶ್ರುತ ಸಂಹಿತೆಯಲ್ಲಿ ದೇಹರಚನೆ ಹೇಳುವ ಭಾಗ, ಶಾರೀರಸ್ಥಾನ, ದೇಹದಲ್ಲಿ 210 ಕೀಲುಗಳನ್ನು ಎಣಿಸಿ, ಆಕಾರ ನೋಡಿ ಎಂಟು ಬಗೆ ಮಾಡುತ್ತದೆ. ಅದರಲ್ಲಿ ಒಂದು "ಉಲೂಖಲ", ಅಂದರೆ ಒರಳು. ಕಂಕುಳಿನ ಕೀಲು, ತೊಡೆಸಂದಿನ ಕೀಲು, ಹಲ್ಲು ಕೂರುವ ಜಾಗ ಮೂರೂ ಒರಳಿನ ಬಗೆ ಅನ್ನುತ್ತದೆ. ಇವತ್ತಿನ ಪಠ್ಯದಲ್ಲಿ ಬಾಲ್ ಅಂಡ್ ಸಾಕೆಟ್ ಅನ್ನುವುದಕ್ಕೆ ಇಷ್ಟು ಹತ್ತಿರದ ಮಾತು ಅಷ್ಟು ಹಿಂದೆಯೇ ಇದೆ. ಆದರೆ ನನ್ನನ್ನು ಕೇಳಿದರೆ ಒರಳು ಅನ್ನುವುದು ಸೊಂಟದ ಕೀಲಿಗೆ ಒಪ್ಪುವಷ್ಟು ಭುಜಕ್ಕೆ ಒಪ್ಪುವುದಿಲ್ಲ. ಒರಳಿಗೆ ಆಳವಿದೆ, ಭುಜದ ತಗ್ಗಿಗೆ ಇಲ್ಲ. "ಅಂಸಪೀಠ" ಎಂಬ ಹೆಗಲಿನ ಇನ್ನೊಂದು ಜಾಗವನ್ನು ಅದೇ ಗ್ರಂಥ ಬೇರೆಯಾಗಿ, "ಸಮುದ್ಗ" ಎಂಬ ಬಗೆಯಲ್ಲಿ ಸೇರಿಸಿದೆ. ಸಮುದ್ಗ ಅಂದರೆ ಮುಚ್ಚಳವಿರುವ ಕರಡಿಗೆ. ಹೆಗಲಿನಲ್ಲಿ ಒಂದಕ್ಕಿಂತ ಹೆಚ್ಚು ಕೀಲು ಇದೆ ಅಂತ ಅವರು ಕಂಡುಕೊಂಡಿದ್ದರು.

ಪೆಟ್ಟಾಗಬಾರದ ಜಾಗಗಳಾದ 107 ಮರ್ಮಗಳಲ್ಲಿ ಎರಡು ಬಗೆಯವು ಹೆಗಲಲ್ಲೇ ಇವೆ. ಕತ್ತು ಮತ್ತು ತೋಳಿನ ಬುಡದ ನಡುವೆ ಇರುವುದು "ಅಂಸ" ಮರ್ಮ. ಅಲ್ಲಿ ಪೆಟ್ಟಾದರೆ ತೋಳು ಸ್ತಬ್ಧವಾಗುತ್ತದೆ ಅಂತ ಬರೆದಿದೆ. ಬೆನ್ನಿನ ಮೇಲ್ಭಾಗದಲ್ಲಿ, ಬೆನ್ನುಮೂಳೆಯ ಎರಡೂ ಕಡೆ ಇರುವುದು "ಅಂಸಫಲಕ", ಅಂದರೆ ಹೆಗಲ ಹಲಗೆ. ಅಲ್ಲಿ ಪೆಟ್ಟಾದರೆ ತೋಳು ಜೋಮು ಹಿಡಿದು ಸೊರಗುತ್ತದೆ. ಒಂದು ಕಡೆ ಬಿಗಿತ, ಇನ್ನೊಂದು ಕಡೆ ಸೊರಗು. ಎರಡನ್ನೂ ಬೇರೆ ಬೇರೆ ಮಾಡಿ ನೋಡಿದ್ದಾರೆ ಅನ್ನುವುದನ್ನು ಗಮನಿಸಿ.

ಓದುವಾಗ ಒಂದು ಎಚ್ಚರ ಬೇಕು. ಕನ್ನಡದಲ್ಲಿ ನಾವು ಸ್ನಾಯು ಅಂದರೆ ಮಸಲ್ ಅಂದುಕೊಳ್ಳುತ್ತೇವೆ. ಸಂಹಿತೆಯಲ್ಲಿ ಸ್ನಾಯು ಅಂದರೆ ಕಟ್ಟುವ ನಾರು. ಮಸಲ್‌ಗೆ ಅಲ್ಲಿ ಪೇಶಿ ಅನ್ನುತ್ತಾರೆ. ಹಲಗೆಗಳನ್ನು ಹಗ್ಗದಿಂದ ಬಿಗಿದ ದೋಣಿ ನೀರಿನ ಮೇಲೆ ಭಾರ ಹೊರುವ ಹಾಗೆ, ಸ್ನಾಯುಗಳಿಂದ ಕಟ್ಟಿದ ಕೀಲುಗಳು ದೇಹದ ಭಾರ ಹೊರುತ್ತವೆ ಅಂತ ಸುಶ್ರುತದ ಹೋಲಿಕೆ. ಇಲ್ಲಿ ಸ್ನಾಯು ಅಂದರೆ ಮಸಲ್ ಅಂತ ಓದಿದರೆ ಹೋಲಿಕೆಯೇ ಕೆಟ್ಟುಹೋಗುತ್ತದೆ.

ಅವಬಾಹುಕ, ಅಪಬಾಹುಕ, ಅಂಸಶೋಷ ಎಲ್ಲ ಒಂದೇನಾ?

ಅವಬಾಹುಕ, ಅಪಬಾಹುಕ ಎರಡೂ ಒಂದೇ, ಪಾಠ ಬೇರೆ ಅಷ್ಟೆ. ಸುಶ್ರುತದ ನಿದಾನಸ್ಥಾನದ ಮಾತಿನ ಸಾರ ಹೀಗಿದೆ: ಹೆಗಲಲ್ಲಿ ನೆಲೆ ನಿಂತ ವಾಯು ಹೆಗಲಿನ ಬಂಧನವನ್ನು ಒಣಗಿಸಿ, ಅಲ್ಲಿನ ಸಿರೆಗಳನ್ನು ಕುಗ್ಗಿಸಿ ಅವಬಾಹುಕವನ್ನು ಹುಟ್ಟಿಸುತ್ತದೆ. ವಾಗ್ಭಟರ ಅಷ್ಟಾಂಗಹೃದಯದಲ್ಲಿ ಇದು "ಬಾಹುಪ್ರಸ್ಪಂದಿತಹರ", ಅಂದರೆ ತೋಳಿನ ಚಲನೆಯನ್ನು ಕಸಿಯುವಂಥದ್ದು. ಮಾಧವನಿದಾನದ ಮಧುಕೋಶ ವ್ಯಾಖ್ಯಾನ ಎರಡನ್ನೂ ಬಿಡಿಸಿ ಹೇಳುತ್ತದೆ: ಅಂಸಶೋಷ ಬರೀ ವಾತದಿಂದ, ಅವಬಾಹುಕ ವಾತ ಮತ್ತು ಕಫ ಸೇರಿ. ಚರಕರು ಹೇಳಿದ 80 ವಾತರೋಗಗಳ ಪಟ್ಟಿಯಲ್ಲಿ "ಬಾಹುಶೋಷ" ಇದೆ, ಅವಬಾಹುಕ ಎಂಬ ಹೆಸರಿಲ್ಲ.

ಒಣಗುವುದು, ಕುಗ್ಗುವುದು. ಈ ಎರಡು ಪದ ನನಗೆ ಯಾವಾಗಲೂ ಕುತೂಹಲ ಹುಟ್ಟಿಸುತ್ತವೆ. 1945ರ ಹೆಸರು ಚೀಲ ಅಂಟಿಕೊಂಡಿದೆ ಅಂದಿತು. ಆಮೇಲೆ ಸಣ್ಣ ಕ್ಯಾಮೆರಾ ತೂರಿಸಿ ಒಳಗೆ ನೋಡಿದವರಿಗೆ ಅಂಟಿಗಿಂತ ಹೆಚ್ಚಾಗಿ ಕಂಡದ್ದು ದಪ್ಪವಾಗಿ ಕುಗ್ಗಿದ ಚೀಲ. ಹಳಬರ ಪದ ಇದಕ್ಕೆ ಹತ್ತಿರ ಬರುತ್ತದೆ. ಹಾಗಂತ ಸುಶ್ರುತರಿಗೆ ಎಲ್ಲಾ ಗೊತ್ತಿತ್ತು ಅಂತ ಎದೆ ತಟ್ಟಿಕೊಳ್ಳುವುದು ಬೇಡ. ಅವಬಾಹುಕದ ವಿವರಣೆ ಎರಡೇ ಸಾಲಿನದು. ರೊಟೇಟರ್ ಕಫ್ ಹರಿದವರೂ, ಕತ್ತಿನಿಂದ ಬರುವ ನರ ಒತ್ತಿಕೊಂಡವರೂ ಅದರೊಳಗೆ ಸೇರಿಬಿಡುತ್ತಾರೆ. ಫ್ರೋಜನ್ ಶೋಲ್ಡರ್ ಅವಬಾಹುಕದ ಒಂದು ರೂಪ ಅಂದರೆ ಸರಿ. ಅವಬಾಹುಕ ಎಲ್ಲವೂ ಫ್ರೋಜನ್ ಶೋಲ್ಡರ್ ಅಂದರೆ ತಪ್ಪು.

"ಭುಜಕ್ಕೆ ವಾಯು ಹೊಡೆದಿದೆ" ಅಂತಾರೆ. ಅಂದರೆ ಗ್ಯಾಸಾ?

ಖಂಡಿತ ಅಲ್ಲ. ಹೊಟ್ಟೆಯ ಗ್ಯಾಸ್ ಭುಜದ ಕೀಲಿಗೆ ಹೋಗಿ ಕೂರುವುದಿಲ್ಲ. ಆಯುರ್ವೇದದಲ್ಲಿ ವಾತ ಅಂದರೆ ದೇಹದ ಚಲನೆಯನ್ನೆಲ್ಲ ನಡೆಸುವ ಶಕ್ತಿ. ಕೈಕಾಲು ಆಡಿಸುವ ಕೆಲಸ ಅದರಲ್ಲಿ ವ್ಯಾನವಾಯುವಿನದು. ಕೀಲನ್ನು ಜಿಡ್ಡಾಗಿ ಇಡುವುದು ಶ್ಲೇಷಕ ಕಫ. ಎತ್ತಿನಗಾಡಿಯ ಅಚ್ಚಿಗೆ ಎಣ್ಣೆ ಹಾಕಿದರೆ ಚಕ್ರ ಸಲೀಸಾಗಿ ತಿರುಗುವ ಹಾಗೆ ಅಂತ ಸುಶ್ರುತರೇ ಹೋಲಿಸಿದ್ದಾರೆ. ನಮ್ಮ "ಕೀಲೆಣ್ಣೆ" ಎಂಬ ಮಾತಿನಲ್ಲಿ ಇದೆಲ್ಲ ಇದೆ.

ಗ್ಯಾಸ್ ಅಂದುಕೊಳ್ಳುವುದರಲ್ಲಿ ಒಂದು ಅಪಾಯವಿದೆ. ಎಡ ಭುಜ, ತೋಳು, ದವಡೆಗೆ ಹರಡುವ ನೋವು, ಜೊತೆಗೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ದರೆ ಅದು ಹೃದಯದ್ದಿರಬಹುದು. ಸೋಡಾ ಕುಡಿದು, ಓಮ ಅಗಿದು ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ನನ್ನದು ಇದೇ ಅಂತ ಮನೆಯಲ್ಲೇ ತಿಳಿಯಬಹುದಾ?

ಒಂದು ಅಂದಾಜು ಸಿಗುತ್ತದೆ. ಎರಡೂ ಮೊಣಕೈಯನ್ನು ಸೊಂಟದ ಪಕ್ಕೆಗೆ ಒತ್ತಿ ಹಿಡಿದು, ಮೊಣಕೈ ಮಡಚಿ, ಅಂಗೈಗಳು ಒಂದನ್ನೊಂದು ನೋಡುವ ಹಾಗೆ ಇಟ್ಟುಕೊಳ್ಳಿ. ಈಗ ಮೊಣಕೈ ಅಲುಗಿಸದೆ ಎರಡೂ ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಗೆ ತಿರುಗಿಸಿ. ಫ್ರೋಜನ್ ಶೋಲ್ಡರ್‌ನಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದೇ ಈ ತಿರುಗು.

ಇನ್ನೊಂದು ಪರೀಕ್ಷೆ ಅದಕ್ಕಿಂತ ಮುಖ್ಯ. ನಿಮ್ಮ ಕೈ ನೀವು ಎತ್ತಲಾಗದಿದ್ದರೂ ಬೇರೆಯವರು ಮೆಲ್ಲಗೆ ಎತ್ತಿದರೆ ಮೇಲೇರುತ್ತದಾ? ಏರಿದರೆ ಚೀಲ ಕುಗ್ಗಿಲ್ಲ. ಬಹುಶಃ ನಾರು ಹರಿದಿದೆ ಅಥವಾ ಬೇರೇನೋ ಇದೆ. ಬೇರೆಯವರು ಎತ್ತಿದರೂ ಗೋಡೆಗೆ ಬಡಿದ ಹಾಗೆ ನಿಂತರೆ ಕೀಲೇ ಬಿಗಿದಿದೆ. ನೋವು ಮೊಣಕೈ ದಾಟಿ ಬೆರಳಿಗೆ ಹೋಗುತ್ತಿದೆ, ಜುಮ್ಮೆನ್ನುತ್ತಿದೆ ಅಂದರೆ ಕತ್ತನ್ನು ತೋರಿಸಿ. ಬಿದ್ದು ಪೆಟ್ಟಾಗಿದ್ದರೆ, ಜ್ವರ ಇದ್ದು ಭುಜ ಕೆಂಪಾಗಿ ಊದಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಮನೆ ಪರೀಕ್ಷೆ ನಿಲ್ಲಿಸಿ. ವೈದ್ಯರ ಹತ್ತಿರ ಹೊರಡಿ.

ಎಕ್ಸ್‌ರೇ ನಾರ್ಮಲ್ ಅಂತ ಬಂತು. ಹಾಗಾದರೆ ನನಗೇನೂ ಆಗಿಲ್ವಾ?

ಫ್ರೋಜನ್ ಶೋಲ್ಡರ್‌ನಲ್ಲಿ ಎಕ್ಸ್‌ರೇ ನಾರ್ಮಲ್ ಇರುವುದೇ ಸಹಜ. ಅದರಲ್ಲಿ ಮೂಳೆ ಕಾಣುತ್ತದೆ, ಚೀಲ ಕಾಣುವುದಿಲ್ಲ. ಮೂಳೆ ಸವೆತ, ಮುರಿತ, ಸುಣ್ಣ ಕೂತಿರುವುದು ಇಂಥವೇನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ತೆಗೆಸುತ್ತಾರೆ.

ಭಾರ ಎತ್ತಿಲ್ಲ, ಬಿದ್ದಿಲ್ಲ. ಸುಮ್ಮನಿದ್ದವರಿಗೆ ಇದು ಯಾಕೆ ಬರುತ್ತದೆ?

ಹೆಚ್ಚಿನವರಿಗೆ ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕೈ ಮುರಿದೋ, ಆಪರೇಷನ್ ಆಗಿಯೋ, ಪಾರ್ಶ್ವವಾಯುವಾಗಿಯೋ ಬಹಳ ದಿನ ಕೈ ಆಡಿಸದೇ ಇದ್ದರೆ ಬರಬಹುದು. ಥೈರಾಯ್ಡ್ ತೊಂದರೆ ಇರುವವರಲ್ಲಿ ಜಾಸ್ತಿ. ಎಲ್ಲಕ್ಕಿಂತ ದೊಡ್ಡ ನಂಟು ಸಕ್ಕರೆ ಕಾಯಿಲೆಯದು.

ಶುಗರ್‌ಗೂ ಭುಜಕ್ಕೂ ಏನು ಸಂಬಂಧ?

ಜನಸಾಮಾನ್ಯರಲ್ಲಿ 100ಕ್ಕೆ 2ರಿಂದ 5 ಮಂದಿಗೆ ಬರುವ ತೊಂದರೆ, ಸಕ್ಕರೆ ಕಾಯಿಲೆ ಇರುವವರಲ್ಲಿ 10ರಿಂದ 20 ಮಂದಿಗೆ ಬರುತ್ತದೆ ಅಂತ ಸಾಮಾನ್ಯವಾಗಿ ಲೆಕ್ಕ ಕೊಡುತ್ತಾರೆ. ರಕ್ತದ ಸಕ್ಕರೆ ಬಹಳ ದಿನ ಮೇಲಿದ್ದರೆ ಅದು ಕೊಲಾಜನ್ ಎಂಬ ನಾರಿಗೆ ಅಂಟಿ ನಾರನ್ನು ಗಡುಸು ಮಾಡುತ್ತದೆ. ಭುಜದ ಚೀಲ ಆ ನಾರಿನಿಂದಲೇ ಆದದ್ದು. ಇವರಿಗೆ ವಾಸಿಯಾಗುವುದೂ ನಿಧಾನ.

ಭುಜ ಹಿಡಿದು ಬಂದವರಿಗೆ ನಾನು ಮೊದಲು ಬರೆದುಕೊಡುವುದು ಎಣ್ಣೆಯ ಹೆಸರಲ್ಲ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ. ಶುಗರ್ ಇರುವುದೇ ಗೊತ್ತಿಲ್ಲದವರಿಗೆ ಭುಜ ಮೊದಲ ಸುಳಿವು ಕೊಡುವುದುಂಟು.

ಎಷ್ಟು ದಿನದಲ್ಲಿ ವಾಸಿಯಾಗುತ್ತದೆ?

ದಿನದ ಲೆಕ್ಕ ಬಿಡಿ, ತಿಂಗಳಲ್ಲಿ ಎಣಿಸಿ. ಮೊದಲನೆಯದು ನೋವಿನ ಹಂತ. ಆರು ವಾರದಿಂದ ಒಂಬತ್ತು ತಿಂಗಳವರೆಗೂ ಇರಬಹುದು. ರಾತ್ರಿ ನೋವು ಜಾಸ್ತಿ, ನಿದ್ದೆಯಲ್ಲಿ ಮಗ್ಗಲು ಬದಲಿಸಿದರೆ ಎಚ್ಚರವಾಗಿಬಿಡುತ್ತದೆ. ಎರಡನೆಯದು ಬಿಗಿತದ ಹಂತ. ನೋವು ಇಳಿಯುತ್ತದೆ, ಆದರೆ ಕೈ ಏಳುವುದಿಲ್ಲ. ನಾಲ್ಕು ತಿಂಗಳಿಂದ ವರ್ಷದವರೆಗೆ. ಮೂರನೆಯದು ಸಡಿಲಾಗುವ ಹಂತ. ಆರು ತಿಂಗಳಿಂದ ಎರಡು ವರ್ಷ. ಒಟ್ಟು ಒಂದರಿಂದ ಮೂರು ವರ್ಷ. ಕೆಲವರಿಗೆ ಕೊನೆಯವರೆಗೂ ಸ್ವಲ್ಪ ಬಿಗಿತ ಉಳಿಯುತ್ತದೆ.

ಇದರಲ್ಲಿ ನಮ್ಮ ವೃತ್ತಿಯ ಒಂದು ಗುಟ್ಟಿದೆ. ಕಾಯಿಲೆ ಹೇಗೂ ನಿಧಾನಕ್ಕೆ ತಾನೇ ಸಡಿಲಾಗುವುದರಿಂದ, ಕೊನೆಯಲ್ಲಿ ಯಾರು ಎಣ್ಣೆ ಕೊಟ್ಟರೋ ಅವರಿಗೆ ಹೆಸರು ಬರುತ್ತದೆ. "ಹತ್ತು ಡಾಕ್ಟ್ರ ಹತ್ರ ಹೋದೆ, ಹನ್ನೊಂದನೆಯವರು ವಾಸಿ ಮಾಡಿದ್ರು" ಅನ್ನುವ ಕಥೆ ಕೇಳಿದಾಗ ಆ ಹನ್ನೊಂದನೆಯವರು ಎಷ್ಟನೇ ತಿಂಗಳಲ್ಲಿ ಸಿಕ್ಕರು ಅಂತಲೂ ಕೇಳಿ. ನಮ್ಮ ಚಿಕಿತ್ಸೆ ಮಾಡಬಹುದಾದದ್ದು ನೋವು ಇಳಿಸುವುದು, ನಿದ್ದೆ ಕೊಡಿಸುವುದು, ಕೈ ಆಡಿಸಲು ದಾರಿ ಮಾಡಿಕೊಡುವುದು. ಚಿಕ್ಕ ಕೆಲಸವೇನಲ್ಲ. ಆದರೆ "ಏಳು ದಿನದಲ್ಲಿ ಗ್ಯಾರಂಟಿ" ಎಂಬ ಬೋರ್ಡ್ ಕಂಡರೆ ಮುಂದೆ ನಡೆಯಿರಿ.

ಹಾಗಾದರೆ ಯಾವ ಎಣ್ಣೆ ಹಚ್ಚಬೇಕು?

ಬಂದೆವು. ವಾತಕ್ಕೆ ಎಣ್ಣೆಗಿಂತ ದೊಡ್ಡ ಔಷಧಿ ಇಲ್ಲ ಅನ್ನುವುದು ನಿಜ. ಆದರೆ ಎಣ್ಣೆಗೂ ಹೊತ್ತು ಇದೆ. ಆಯುರ್ವೇದ ವೈದ್ಯರು ಮೊದಲು ನೋಡುವುದು ಸಾಮವೋ ನಿರಾಮವೋ ಅಂತ. ಸಾಮ ಅಂದರೆ ಭುಜ ಭಾರ, ಮುಟ್ಟಿದರೆ ನೋವು, ಬೆಳಿಗ್ಗೆ ಮರಗಟ್ಟಿದ ಹಾಗೆ, ಹಸಿವಿಲ್ಲ, ನಾಲಿಗೆ ಬೆಳ್ಳಗೆ. ಆಗ ಎಣ್ಣೆ ಹಚ್ಚಿ ತಿಕ್ಕಿದರೆ ಜಾಸ್ತಿಯಾಗುತ್ತದೆ. ಒಣ ಶಾಖ ಹಿತ. ಮರಳನ್ನು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಕೊಡುವ ಶಾಖ ಇದಕ್ಕೇ ಇರುವುದು. ನಿರಾಮ ಅಂದರೆ ಒಣಗಿದ, ಎಳೆಯುವ ನೋವು, ಕಟಕಟ ಸದ್ದು, ರಟ್ಟೆ ಸೊರಗಿದಂತೆ. ಆಗ ಎಣ್ಣೆ ಬೇಕು.

ನನ್ನ ಭುಜ ಹಿಡಿದದ್ದು 51ನೇ ವಯಸ್ಸಿನಲ್ಲಿ. ಪುಸ್ತಕವೆಲ್ಲ ಗೊತ್ತಿದ್ದೂ ಮೊದಲ ವಾರದಿಂದಲೇ ದಿನಾ ರಾತ್ರಿ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸಿಕೊಂಡೆ. ಒಂದು ತಿಂಗಳು ನಿದ್ದೆ ಕೆಟ್ಟಿತು. ತಿಕ್ಕುವುದು ನಿಲ್ಲಿಸಿ ಬರೀ ಮರಳಿನ ಶಾಖಕ್ಕೆ ಇಳಿದ ಮೇಲೆ ನೋವು ಇಳಿಯತೊಡಗಿತು. ರೋಗಿಗೆ ಬರೆದುಕೊಡುವುದನ್ನು ನಮಗೆ ನಾವೇ ಬರೆದುಕೊಳ್ಳುವುದಿಲ್ಲ.

ಹೆಸರು ಬೇಕೇ ಬೇಕು ಅಂದರೆ, ಅವಬಾಹುಕಕ್ಕೆ ಹೆಚ್ಚು ಬಳಕೆಯಲ್ಲಿರುವುದು ಹತ್ತಿಬೀಜದಿಂದ ಮಾಡುವ ಕಾರ್ಪಾಸಾಸ್ಥ್ಯಾದಿ ತೈಲ. ಊತ, ಭಾರ ಇದ್ದರೆ ಕೊಟ್ಟಂಚುಕ್ಕಾದಿ. ಒಣ ನೋವಿಗೆ ಮಹಾನಾರಾಯಣ, ಧಾನ್ವಂತರ, ಕ್ಷೀರಬಲಾ. ರಟ್ಟೆ ಸೊರಗಿದ್ದರೆ ಉದ್ದಿನಿಂದ ಮಾಡುವ ಮಹಾಮಾಷ ತೈಲ. ಇದ್ಯಾವುದೂ ಸಿಗದಿದ್ದರೆ ಉಗುರುಬೆಚ್ಚಗಿನ ಎಳ್ಳೆಣ್ಣೆ ಸಾಕು. ಚರ್ಮದಿಂದ ಚೀಲದವರೆಗೆ ಎಷ್ಟೋ ಪದರ ಮಾಂಸವಿದೆ. ಎಣ್ಣೆ ನೇರವಾಗಿ ಒಳಗಿಳಿದು ಚೀಲವನ್ನು ಬಿಡಿಸುತ್ತದೆ ಅಂತ ನಾನು ಹೇಳುವುದಿಲ್ಲ. ಸುತ್ತಲಿನ ಬಿಗಿದ ಮಾಂಸ ಸಡಿಲಾಗುತ್ತದೆ, ಆ ಅರ್ಧ ಗಂಟೆಯಲ್ಲಿ ಕೈ ಆಡಿಸಲು ಸುಲಭವಾಗುತ್ತದೆ. ಹಚ್ಚಿ, ಶಾಖ ಕೊಟ್ಟು, ಆಮೇಲೆ ಕೈಯನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿದರೆ ಅರ್ಧ ಲಾಭ ಹೋಯಿತು.

ಭುಜ ನೋವಿಗೆ ಮೂಗಿಗೆ ಎಣ್ಣೆ ಬಿಡ್ತಾರಲ್ಲ, ಯಾಕೆ?

ಕೇಳಿದವರೆಲ್ಲ ನಗುತ್ತಾರೆ. ಆದರೆ ಅವಬಾಹುಕಕ್ಕೆ ವಾಗ್ಭಟರು ಮೊದಲು ಹೇಳುವುದೇ ನಸ್ಯ, ಜೊತೆಗೆ ಊಟದ ಮೇಲೆ ಕುಡಿಯುವ ಸ್ನೇಹ, ಅಂದರೆ ಔಷಧಿ ತುಪ್ಪ ಅಥವಾ ಎಣ್ಣೆ. ಪೋಷಣೆ ಕೊಡುವ ನಸ್ಯ ಯಾರಿಗೆ ಎಂಬ ಪಟ್ಟಿಯಲ್ಲೂ ಅವಬಾಹುಕದ ಹೆಸರಿದೆ. ಮೂಗು ತಲೆಗೆ ಬಾಗಿಲು, ಕೊರಳ ಮೂಳೆಯಿಂದ ಮೇಲಿನ ತೊಂದರೆಗಳಿಗೆ ಆ ಬಾಗಿಲೇ ಹತ್ತಿರ ಅನ್ನುವುದು ಅವರ ತರ್ಕ. ಭುಜ ಆ ಗಡಿಯಲ್ಲೇ ಇದೆ. ಇವತ್ತಿನ ಅಂಗರಚನೆಯ ಭಾಷೆಯಲ್ಲಿ ಮೂಗಿನಿಂದ ಭುಜದ ಚೀಲಕ್ಕೆ ನೇರ ದಾರಿ ತೋರಿಸಲು ನನಗೆ ಬರುವುದಿಲ್ಲ. ಕತ್ತು–ಹೆಗಲಿನ ಬಿಗಿತ ಹಗುರಾಯಿತು ಅಂತ ಹೇಳುವವರನ್ನು ಮಾತ್ರ ತುಂಬ ನೋಡಿದ್ದೇನೆ.

ಮೊದಲು ಮುಖ, ಕತ್ತಿಗೆ ಎಣ್ಣೆ ಹಚ್ಚಿ ಶಾಖ ಕೊಟ್ಟು, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ ಮಲಗಿಸಿ, ಅಳತೆ ಮಾಡಿ ಹನಿ ಬಿಡುತ್ತಾರೆ. ಸಾಮಾನ್ಯವಾಗಿ ಏಳು ದಿನ. ನೆಗಡಿ, ಜ್ವರ ಇದ್ದಾಗ, ಊಟ ಅಥವಾ ತಲೆಸ್ನಾನ ಆದ ತಕ್ಷಣ, ಬಸುರಿಯರಿಗೆ ಬೇಡ. ಯೂಟ್ಯೂಬ್ ನೋಡಿ ಮನೆಯಲ್ಲಿ ಸುರಿದುಕೊಳ್ಳಬೇಡಿ.

ಕಿಳಿ, ಬಸ್ತಿ ಇವೆಲ್ಲ ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ. ಲಕ್ಕಿ, ಎಕ್ಕ, ಹರಳು, ನುಗ್ಗೆ, ಹುಣಸೆ ಎಲೆಗಳನ್ನು ಎಣ್ಣೆಯಲ್ಲಿ ಹುರಿದು ಗಂಟು ಕಟ್ಟಿ ಕೊಡುವ ಶಾಖ ಎಲೆಕಿಳಿ. ನವರ ಅಕ್ಕಿಯನ್ನು ಹಾಲು ಮತ್ತು ಹೆತ್ತುತ್ತಿ ಬೇರಿನ ಕಷಾಯದಲ್ಲಿ ಬೇಯಿಸಿ ಕೊಡುವುದು ನವರಕಿಳಿ. ಇದು ಸೊರಗಿದ ತೋಳಿಗೆ, ಕೊನೆಯ ಹಂತಕ್ಕೆ. ಭುಜದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಅದರೊಳಗೆ ಬಿಸಿ ಎಣ್ಣೆ ನಿಲ್ಲಿಸುವುದು ಬಸ್ತಿ. ಪ್ಯಾಕೇಜ್ ದುಡ್ಡು ಹೊಂದುವುದಿಲ್ಲ ಅಂದರೆ ಸರ್ಕಾರಿ ಆಸ್ಪತ್ರೆಗಳನ್ನು ಮರೆಯಬೇಡಿ. 1908ರಲ್ಲಿ ಶುರುವಾದ ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿಗೆ, ಬೆಂಗಳೂರಿನ ಧನ್ವಂತರಿ ರಸ್ತೆಯ ಜಯಚಾಮರಾಜೇಂದ್ರ ಆಯುರ್ವೇದ ಕಾಲೇಜಿಗೆ ಸೇರಿದ ಆಸ್ಪತ್ರೆಗಳಿವೆ.

ಶುಗರ್‌ನಿಂದ ಚರ್ಮದ ಸ್ಪರ್ಶ ಕಡಿಮೆಯಾದವರು ಬಿಸಿಯನ್ನು ಮೊದಲು ಬೇರೆಯವರ ಕೈಗೆ ಮುಟ್ಟಿಸಿ ನೋಡಲಿ. ಸುಟ್ಟ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಒಳಗೆ ತೆಗೆದುಕೊಳ್ಳುವ ಔಷಧಿಗಳು?

ರಾಸ್ನಾ ಸೇರಿದ ಕಷಾಯಗಳು, ಪ್ರಸಾರಿಣಿ ಸೇರಿದ ಕಷಾಯ, ಯೋಗರಾಜ ಗುಗ್ಗುಳು, ಅಶ್ವಗಂಧ. ಹೆಸರು ಹೇಳಿದ್ದು ನಿಮಗೆ ಬರೆದುಕೊಟ್ಟದ್ದನ್ನು ಗುರುತಿಸಲಿ ಅಂತ, ಅಂಗಡಿಗೆ ಹೋಗಲಿ ಅಂತಲ್ಲ. ಥೈರಾಯ್ಡ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಗುಗ್ಗುಳು, ಅಶ್ವಗಂಧ ಶುರು ಮಾಡುವ ಮೊದಲು ಹೇಳಲೇಬೇಕು. ಬಲಾರಿಷ್ಟ, ದಶಮೂಲಾರಿಷ್ಟದಲ್ಲಿ ಬೆಲ್ಲವಿದೆ, ಹುದುಗಿ ಬಂದ ಸ್ವಲ್ಪ ಮದ್ಯವೂ ಇದೆ. "ಆಯುರ್ವೇದ ತಾನೇ" ಅಂತ ಶುಗರ್ ಇರುವವರು ದಿನಾ ಎರಡು ಹೊತ್ತು ಕುಡಿಯುವುದನ್ನು ನೋಡಿದ್ದೇನೆ. ಪಾದರಸ ಮೊದಲಾದ ಲೋಹ ಸೇರಿದ ರಸೌಷಧಿಗಳನ್ನು ಲೇಬಲ್ ಇಲ್ಲದ ಪೊಟ್ಟಣದಲ್ಲಿ ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ವ್ಯಾಯಾಮ ಯಾವಾಗ ಶುರು ಮಾಡಲಿ?

ಮೊದಲ ದಿನವೇ, ಆದರೆ ಹಂತ ನೋಡಿಕೊಂಡು. ನೋವಿನ ಹಂತದಲ್ಲಿ ತೂಗಾಟ ಸಾಕು. ಚೆನ್ನಾಗಿರುವ ಕೈಯನ್ನು ಮೇಜಿನ ಮೇಲಿಟ್ಟು ಮುಂದಕ್ಕೆ ಬಾಗಿ, ಹಿಡಿದ ಕೈಯನ್ನು ಬಾವಿಗೆ ಇಳಿಬಿಟ್ಟ ಹಗ್ಗದ ಹಾಗೆ ಜೋತುಬಿಡಿ. ಮೈಯನ್ನು ಅಲುಗಿಸಿ, ಕೈ ತಾನೇ ತೂಗಲಿ. ಬಿಗಿತದ ಹಂತದಲ್ಲಿ ಗೋಡೆಯ ಮೇಲೆ ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಹತ್ತಿಸಿ, ಇವತ್ತು ಮುಟ್ಟಿದಲ್ಲಿ ಪೆನ್ಸಿಲ್ ಗುರುತು ಹಾಕಿ. ಬೆನ್ನ ಹಿಂದೆ ಟವೆಲ್ ಹಿಡಿದು ಚೆನ್ನಾಗಿರುವ ಕೈಯಿಂದ ಮೇಲಕ್ಕೆ ಎಳೆಯಿರಿ. ಕೋಲು ಹಿಡಿದು ಹೊರಗೆ ತಿರುಗಿಸುವುದನ್ನು ಬಿಡಬೇಡಿ. ಮೊದಲು ಹೋದ ಚಲನೆ ಅದೇ ಅಲ್ವಾ. ಒಂದೊಂದನ್ನೂ ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ನೋವು ಅರ್ಧ ಗಂಟೆಯೊಳಗೆ ಇಳಿದರೆ ಸರಿಯಾಗಿ ಮಾಡಿದ್ದೀರಿ. ರಾತ್ರಿಯಿಡೀ ಉಳಿದರೆ ಅತಿ ಮಾಡಿದ್ದೀರಿ.

ಕೈಯನ್ನು ಜೋಳಿಗೆ ಕಟ್ಟಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು ಮಾತ್ರ ಯಾವ ಹಂತದಲ್ಲೂ ಬೇಡ.

ಉಳುಕು ತೆಗೆಯುವವರ ಹತ್ತಿರ ಒಂದು ಸಲ ಎಳೆಸಿಬಿಡಲಾ?

ಬೇಡ. ಇದು ಉಳುಕಲ್ಲ, ಹೊರಳಿದ ನರವೂ ಅಲ್ಲ. ಕುಗ್ಗಿದ ಚೀಲವನ್ನು ಎಚ್ಚರವಿರುವಾಗಲೇ ಜೋರಾಗಿ ಎಳೆದರೆ ನಾರು ಹರಿಯಬಹುದು, ಮೂಳೆ ಟೊಳ್ಳಾದವರಿಗೆ ತೋಳೇ ಮುರಿಯಬಹುದು.

ಇಂಜೆಕ್ಷನ್, ಆಪರೇಷನ್ ಬಗ್ಗೆ ಆಯುರ್ವೇದ ವೈದ್ಯರಾಗಿ ಏನನ್ನುತ್ತೀರಿ?

ಬೇಕಾದವರಿಗೆ ನಾನೇ ಕಳಿಸುತ್ತೇನೆ. ಶುರುವಿನ ಹಂತದಲ್ಲಿ ನಿದ್ದೆಯೇ ಇಲ್ಲದವರಿಗೆ ಕೀಲಿನೊಳಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ ಒಳ್ಳೆಯ ಬಿಡುವು ಕೊಡುತ್ತದೆ. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಕೊಳ್ಳಬೇಕು. ಶುಗರ್ ಇದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ, ನೋಡಿಕೊಳ್ಳಿ. ತಿಂಗಳುಗಟ್ಟಲೆ ಏನೂ ಆಗದಿದ್ದರೆ ಚೀಲಕ್ಕೆ ದ್ರವ ತುಂಬಿ ಹಿಗ್ಗಿಸುವುದು, ಅರಿವಳಿಕೆ ಕೊಟ್ಟು ಕೈ ಬಿಡಿಸುವುದು, ಸಣ್ಣ ತೂತಿನಿಂದ ಚೀಲ ಕತ್ತರಿಸುವುದು ಇವೆ. ಬ್ರಿಟನ್ನಿನಲ್ಲಿ ಕೊನೆಯ ಎರಡನ್ನು ಇಂಜೆಕ್ಷನ್ ಸೇರಿದ ಫಿಸಿಯೋಥೆರಪಿಯ ಜೊತೆ ಹೋಲಿಸಿದ ದೊಡ್ಡ ಅಧ್ಯಯನ 2020ರಲ್ಲಿ ಬಂತು. ಮೂರರಲ್ಲಿ ಯಾವುದೂ ಎದ್ದು ಕಾಣುವಷ್ಟು ಮೇಲಾಗಿರಲಿಲ್ಲ. ಆಯುರ್ವೇದದ ಕಡೆ ಇರುವುದು ಹೆಚ್ಚಾಗಿ ಸಣ್ಣ ಅಧ್ಯಯನಗಳು. ನಾವೂ ಅಷ್ಟು ದೊಡ್ಡದಾಗಿ ಪರೀಕ್ಷೆಗೆ ನಿಲ್ಲಬೇಕು ಅನ್ನುವುದು ನನ್ನ ಆಸೆ.

ಆಲೂಗಡ್ಡೆ, ಬದನೆಕಾಯಿ ಬಿಡಬೇಕಾ?

ಬಿಟ್ಟರೆ ಭುಜ ಬಿಡುತ್ತದೆ ಅಂತೇನಿಲ್ಲ. ಬಿಸಿ ಊಟ, ಹೊತ್ತಿಗೆ ಸರಿಯಾಗಿ ಊಟ, ಸ್ವಲ್ಪ ತುಪ್ಪ. ಹುರುಳಿ ಕಟ್ಟಿನ ಸಾರು ವಾತ–ಕಫ ಎರಡಕ್ಕೂ ಒಳ್ಳೆಯದು, ಬೆಲೆಯೂ ಕಡಿಮೆ. ಉದ್ದು ವಾಯು ಅಂತ ಬಿಡುವವರಿದ್ದಾರೆ. ಸಂಹಿತೆಗಳು ಅದನ್ನು ವಾತ ಇಳಿಸುವ ಧಾನ್ಯ ಅನ್ನುತ್ತವೆ. ಜೀರ್ಣಕ್ಕೆ ಭಾರ, ಅಷ್ಟೆ.

ರಾತ್ರಿ ಹೇಗೆ ಮಲಗಲಿ?

ಅಂಗಾತ ಮಲಗಿ, ಹಿಡಿದ ತೋಳಿನ ಕೆಳಗೆ ಮಡಚಿದ ಹೊದಿಕೆ ಇಟ್ಟು ಮೊಣಕೈ ಹಾಸಿಗೆಗಿಂತ ಸ್ವಲ್ಪ ಮೇಲಿರುವಂತೆ ನೋಡಿಕೊಳ್ಳಿ. ಮಗ್ಗಲಾಗುವುದಾದರೆ ಚೆನ್ನಾಗಿರುವ ಕಡೆಗೆ, ಎದೆಗೆ ಒಂದು ದಿಂಬು ತಬ್ಬಿಕೊಂಡು.

ಒಂದು ಭುಜ ವಾಸಿಯಾದ ಮೇಲೆ ಮತ್ತೆ ಬರುತ್ತದಾ?

ಅದೇ ಭುಜಕ್ಕೆ ಮತ್ತೆ ಬರುವುದು ಅಪರೂಪ. ಕೆಲವು ವರ್ಷದಲ್ಲಿ ಇನ್ನೊಂದು ಭುಜ ಹಿಡಿಯುವವರು ಇದ್ದಾರೆ, ಶುಗರ್ ಇದ್ದವರಲ್ಲಿ ಜಾಸ್ತಿ. ನನಗೆ ಎಡ ಭುಜ ಇನ್ನೂ ಸರಿ ಇದೆ. ತಿಂಗಳಿಗೊಮ್ಮೆ ಮೊಣಕೈ ಪಕ್ಕೆಗೆ ಒತ್ತಿ ಬಾಗಿಲು ತೆರೆದು ನೋಡಿಕೊಳ್ಳುತ್ತೇನೆ.

ಬಟ್ಟೆ ಹಾಕಿಕೊಳ್ಳುವುದೇ ಕಷ್ಟವಾಗಿದೆ, ಏನು ಮಾಡಲಿ?

ಹಾಕಿಕೊಳ್ಳುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ನೋವಿನ ಕೈ ಕೊನೆಗೆ. ಟೀ ಶರ್ಟ್, ಜುಬ್ಬಾ ಸದ್ಯಕ್ಕೆ ಬೀರುವಿನಲ್ಲಿರಲಿ, ಮುಂದೆ ಗುಂಡಿ ಇರುವ ಅಂಗಿ ಹಾಕಿ. ಹಿಂದಿನ ಹುಕ್ಕಿನ ರವಿಕೆಗಳನ್ನು ಟೈಲರ್ ಹತ್ತಿರ ಕೊಟ್ಟು ಮುಂದಕ್ಕೆ ಹೊಲಿಸಿಕೊಳ್ಳಿ. ಜಡೆಯನ್ನು ಬೇರೆ ಯಾರಾದರೂ ಹಾಕಿಕೊಡಲಿ, ನಾಚಿಕೆ ಬೇಡ. ಸೀಟ್ ಬೆಲ್ಟನ್ನು ಚೆನ್ನಾಗಿರುವ ಕೈಯಿಂದ ಎಳೆದು ಹಾಕಿಕೊಳ್ಳಿ. ದಿನಾ ಬೇಕಾಗುವ ಡಬ್ಬಿಗಳನ್ನು ಅಟ್ಟದಿಂದ ಇಳಿಸಿ ಸೊಂಟದ ಎತ್ತರಕ್ಕೆ ತನ್ನಿ. ಒಂದೇ ಒಂದು ಹಗುರವಾದ ಡಬ್ಬಿಯನ್ನು ಮಾತ್ರ ಕೈಗೆ ಎಟುಕಿಯೂ ಎಟುಕದಷ್ಟು ಎತ್ತರದಲ್ಲಿಡಿ, ದಿನಾ ಒಮ್ಮೆ ಮುಟ್ಟಿ ನೋಡುವುದಕ್ಕೆ.